ಈಜುಮೇಷ್ಟ್ರ ಕೊಬ್ಬು

ನೆಲದ ಮೇಲೆ ನಡೆಯುವುದೆಂದರೆ ಅವರಿಗೆ ಒಂದು ತಾತ್ಕಾಲಿಕ ಏರ್ಪಾಡು. ನೀರಿನಿಂದ ಮೇಲೆದ್ದ ಮನುಷ್ಯ ಮತ್ತೆ ನೀರಿಗಿಳಿಯುವ ತನಕ ಹೊತ್ತು ಕಳೆಯಲೆಂದು ಮಾಡುವ ಕೆಲಸವೇ ನಡಿಗೆ ಎಂಬಂತೆ, ಪಾದಗಳನ್ನು ತುಸು ಹೊರಕ್ಕೆ ತಿರುಗಿಸಿ, ಮಂಡಿಗಳನ್ನು ಸಡಿಲ ಬಿಟ್ಟು, ಎರಡು ತೋಳುಗಳನ್ನೂ ಮೈಯಿಂದ ಗೇಣು ದೂರದಲ್ಲಿ ತೇಲಿಸಿಕೊಂಡು ಅವರು ಬೀದಿಯಲ್ಲಿ ಬರುತ್ತಿದ್ದರೆ, ಎದುರಿಗೆ ಬಂದವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ಆನೆ ನಡೆದದ್ದೇ ದಾರಿ ಎನ್ನುತ್ತಾರಲ್ಲ, ಆ ಮಾತಿನಲ್ಲಿರುವ ಗತ್ತು ಅಲ್ಲಿತ್ತು; ಆದರೆ ಆನೆಯ ಭಾರ ಇರಲಿಲ್ಲ. ಅರವತ್ತರ ಹತ್ತಿರದ ಆ ದೇಹದಲ್ಲಿ ಎಲ್ಲಿಯೂ ಒಂದು ಹಿಡಿಯಷ್ಟು ಹೆಚ್ಚಿನ ಮಾಂಸ ಕಾಣುತ್ತಿರಲಿಲ್ಲ. ಹೊಟ್ಟೆ ಹಲಗೆ, ಹೆಗಲು ಬಾಗಿಲವಾಡ. ನಗರಸಭೆಯ ಈಜುಕೊಳದಲ್ಲಿ ಈಜು ಕಲಿಸುವುದು ಅವರ ಉದ್ಯೋಗ. ಊರಿಗೆಲ್ಲ ಅವರು ಈಜುಮೇಷ್ಟ್ರು.

ಆ ಮೈಯ ಮೇಲೆ ಒಂದು ಕೋಟು. ಕಡುನೀಲಿ ಉಣ್ಣೆಯದು, ಮೊಣಕಾಲಿನಿಂದ ಕೆಳಕ್ಕೆ ಇಳಿಯುವಂಥದು, ಯಾವ ಕಾಲದಲ್ಲಿ ಯಾರಿಗಾಗಿ ಹೊಲಿಸಿದ್ದೋ ಗೊತ್ತಿಲ್ಲ. ಈಜುಚಡ್ಡಿಯ ಮೇಲೆ ಅದನ್ನು ನೇರವಾಗಿ ತೊಟ್ಟು, ಚಳಿಗಾಲ ಬೇಸಿಗೆ ಎಂಬ ಭೇದವಿಲ್ಲದೆ ಕೊಳದ ದಡದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಅದರ ಗುಂಡಿ ಹಾಕಿದ್ದನ್ನು ಕಂಡವರಿಲ್ಲ. ಯಾರಾದರೂ ನಡುನೀರಿನಲ್ಲಿ ತಡಬಡಿಸಿದರೆ ಹೆಗಲನ್ನು ಒಮ್ಮೆ ಕೊಡವುವರು, ಕೋಟು ಕೆಳಗೆ ಬೀಳುವಷ್ಟರಲ್ಲಿ ಮೇಷ್ಟ್ರು ನೀರಿನಲ್ಲಿರುವರು. ಕೋಟು ನೆಲ ಮುಟ್ಟಿದ್ದು ಮೊದಲೋ ಅವರು ನೀರು ಮುಟ್ಟಿದ್ದು ಮೊದಲೋ ಎಂದು ನಾವು ಕಲಿಯುವವರು ದಡದಲ್ಲಿ ಕೂತು ವಾದ ಮಾಡುತ್ತಿದ್ದೆವು.

ನಾನು ಅವರ ಬಳಿಗೆ ಹೋದದ್ದು ನಲವತ್ತು ದಾಟಿದ ಮೇಲೆ, ಬೆನ್ನುನೋವಿಗೆ ಈಜು ಒಳ್ಳೆಯದು ಎಂದು ಯಾರೋ ಹೇಳಿದರೆಂದು. ಬರವಣಿಗೆಯವನ ಮೈ; ಕುರ್ಚಿಯ ಆಕಾರಕ್ಕೆ ಬಂದುಬಿಟ್ಟಿತ್ತು. ಮೊದಲ ದಿನ ಕಬ್ಬಿಣದ ಏಣಿಯ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತವನನ್ನು ಮೇಲಿನಿಂದ ನೋಡಿದರು.

"ಏನಾಗುತ್ತೆ ಅಂತ ಹೆದರಿಕೆ?"

"ಮುಳುಗಿಬಿಡ್ತೀನಿ ಸಾರ್."

"ಮುಳುಗ್ತೀರಿ. ಅಷ್ಟೇ ತಾನೆ? ಮುಳುಗಿದೋರು ಮೇಲಕ್ಕೆ ಬರ್ತಾರೆ. ಕಂಬಿ ಹಿಡ್ಕೊಂಡೋರು ಎಲ್ಲಿಗೂ ಬರಲ್ಲ."

'ಅಷ್ಟೇ ತಾನೆ' ಎಂಬುದು ಅವರ ಮಾತಿನ ಅಡಿಗಲ್ಲು. ಲೋಕದ ಸಕಲ ಭಯಗಳನ್ನೂ ಅವರು ಆ ಎರಡು ಪದಗಳ ಕೆಳಗೆ ತಂದು ಕೂರಿಸುತ್ತಿದ್ದರು. ಮೂಗಿಗೆ ನೀರು ಹೋಯಿತು, ಅಷ್ಟೇ ತಾನೆ. ಕಾಲು ಸೆಳೆಯಿತು, ಅಷ್ಟೇ ತಾನೆ. ಕಲಿಯಲು ಬಂದವರಿಗೆಲ್ಲ ಅವರೇ ಒಂದು ಅಡ್ಡಹೆಸರು ಇಡುತ್ತಿದ್ದರು; ಇಟ್ಟ ಮೇಲೆ ಅದೇ ಖಾಯಂ. ನಾನು ಕಲ್ಲು. ನನ್ನ ಜೊತೆಗೇ ಸೇರಿದ್ದ ಬೇಕರಿಯ ಯಜಮಾನರು, ಆ ತುಂಬುದೇಹದವರು, ಯಾವ ಪ್ರಯತ್ನವೂ ಇಲ್ಲದೆ ತೇಲುತ್ತಿದ್ದರಾದರೂ ಎತ್ತ ಹೋಗಬೇಕೆಂದು ತಿಳಿಯದೆ ಸುತ್ತುತ್ತಿದ್ದುದರಿಂದ, ಅವರು ದೋಣಿ. "ಏನ್ರೀ ಕಲ್ಲು, ಇವತ್ತಾದ್ರೂ ದೋಣಿಯವರ ಹತ್ರ ಸ್ವಲ್ಪ ತೇಲೋದು ಸಾಲ ತಗೊಳ್ಳಿ," ಎಂದು ದಡದಿಂದ ಕೂಗಿದರೆ, ಇಡೀ ಕೊಳವೇ ನಗುತ್ತಿತ್ತು. ಕಲ್ಲು ತೇಲುವಂತೆ ಮಾಡಿದವರು ಅವರು; ಆ ಋಣ ನನ್ನ ಮೇಲಿದೆ.

ನೋವಿನ ಬಗ್ಗೆ ಅವರಿಗೊಂದು ಸಿದ್ಧಾಂತವಿತ್ತು. ತೊಡೆ ನೋಯುತ್ತದೆ ಎಂದು ಯಾರು ಹೇಳಿದರೂ ಅವರ ಮುಖ ಅರಳುತ್ತಿತ್ತು. "ಒಳ್ಳೇದಾಯ್ತು. ನೋವು ಅಂದ್ರೆ ಮೈ ಹಾಜರಿ ಹಾಕಿದೆ ಅಂತ." ಇದು ಬರೀ ಉಪದೇಶವಾಗಿರಲಿಲ್ಲ. ಒಮ್ಮೆ ದವಡೆಯ ಹಲ್ಲು ಕೀಳಿಸಬೇಕಾಗಿ ಬಂದಾಗ, ಮರಗಟ್ಟಿಸುವ ಸೂಜಿ ಬೇಡವೆಂದು ಕುರ್ಚಿಯಲ್ಲಿ ಕೂತುಬಿಟ್ಟರಂತೆ. ದಂತವೈದ್ಯರು ಅವರ ಹಳೆಯ ಶಿಷ್ಯರೇ. "ಅವರು ಕೂತಿದ್ದೇನೋ ಕೂತಿದ್ರು, ನನ್ನ ಕೈ ನಡುಗ್ತಿತ್ತು. ಕೊನೆಗೆ 'ಉಸಿರು ಬಿಡು, ಹೆದರಬೇಡ' ಅಂತ ಅವರೇ ನನಗೆ ಧೈರ್ಯ ಹೇಳಿದ್ರು," ಎಂದು ಆತ ಹೇಳಿಕೊಂಡು ನಗುತ್ತಿದ್ದರು. ಔಷಧಿಯ ವಿಷಯ ಬಂದರಂತೂ ಮೇಷ್ಟ್ರ ದನಿಗೇ ಒಂದು ಮೀಸೆ ಬರುತ್ತಿತ್ತು. "ಔಷಧಿ ಅಂಗಡಿಯವರಿಗೂ ನನಗೂ ದ್ವೇಷ ಏನಿಲ್ಲ. ಪರಿಚಯ ಇಲ್ಲ, ಅಷ್ಟೇ."

ಅವರ ಹೆಂಡತಿಗೆ ಮುಖ್ಯಬೀದಿಯಲ್ಲಿ ಕನ್ನಡಕದಂಗಡಿ; ಅದರ ಮೇಲಿನ ಮಹಡಿಯೇ ಮನೆ. ಗಿಡ್ಡನೆಯ, ಚುರುಕು ಕಣ್ಣಿನ, ಮಾತಿನಲ್ಲಿ ಬಹಳ ಮಿತವ್ಯಯದ ಹೆಂಗಸು. ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸಿ ಕಿವಿಯ ಹಿಂದಿನ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ, "ಈಗ?" ಎಂದು ಒಂದೇ ಪದದಲ್ಲಿ ಕೇಳುವರು. ಶಿಷ್ಯರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ದಾಂಪತ್ಯ ಹೇಗಿದೆ ಅಕ್ಕ ಎಂದು ಬೇಕರಿಯವರು ಒಮ್ಮೆ ತಮಾಷೆಗೆ ಕೇಳಿದಾಗ, ಗಾಜು ಒರೆಸುತ್ತಲೇ ಅಂದರು: "ಅವರಿಗೆ ನೀರೇ ಮೊದಲನೇ ಹೆಂಡತಿ. ನಾನು ಒಣಗಿಸೋ ಹಗ್ಗ." ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು ಸಂತೋಷದಿಂದ ಒದ್ದೆ ತಲೆ ಅಲ್ಲಾಡಿಸಿದರು. ಅಂಗಡಿಯ ಗಾಜುಗಳ ಮೇಲೆಲ್ಲ ಹನಿ ಬಿತ್ತು.

ಇಂಥ ಮನುಷ್ಯನ ರಕ್ತದಲ್ಲಿ ಕೊಬ್ಬು ಸಿಕ್ಕಿತು.

ಮುಂದಿನದರಲ್ಲಿ ಬಹುಪಾಲು ಅವರೇ ನನಗೆ ಆಮೇಲೆ ಹೇಳಿದ್ದು. ಈಜುಕೊಳದ ನೌಕರರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕಡ್ಡಾಯ. ಯಾವಾಗಲೂ ನಗುತ್ತಾ ಹೋಗಿ ನಗುತ್ತಾ ಬರುತ್ತಿದ್ದವರನ್ನು ಆ ಸಲ ವೈದ್ಯರು ಕೂರಿಸಿಕೊಂಡರು. ಕೊಲೆಸ್ಟರಾಲ್ ಮಿತಿಮೀರಿ ಏರಿತ್ತು. ನಿಮ್ಮ ತಂದೆ ಹೇಗೆ ತೀರಿಕೊಂಡರು ಎಂದು ಕೇಳಿದರು. ಎದೆನೋವಿನಿಂದ, ಐವತ್ತು ತುಂಬುವ ಮೊದಲೇ. "ಇದು ಕೂತು ತಿನ್ನೋರಿಗೆ ಮಾತ್ರ ಬರೋ ತೊಂದರೆ ಅಲ್ಲ ಸಾರ್, ವಂಶದಲ್ಲೂ ಇಳಿದು ಬರುತ್ತೆ. ನೀವು ಈಜದೇ ಇದ್ದಿದ್ರೆ ಇಷ್ಟು ವರ್ಷ ತಡೀತಾನೇ ಇರ್ಲಿಲ್ಲ," ಎಂದರು ವೈದ್ಯರು. ದಿನಾ ಸಂಜೆಯ ಮೇಲೆ ಒಂದು ಮಾತ್ರೆ ಬರೆದರು. ಬೇರೆ ಯಾವ ಔಷಧಿ ತೆಗೆದುಕೊಳ್ಳಬೇಕಾಗಿ ಬಂದರೂ ಈ ಮಾತ್ರೆಯ ಹೆಸರನ್ನು ಅಲ್ಲಿ ತಪ್ಪದೆ ಹೇಳಬೇಕು ಎಂದು ಎಚ್ಚರಿಸಿದರು. ಇನ್ನೂ ಏನೇನೋ ಹೇಳಿದರು. ಮೇಷ್ಟ್ರು ಎಲ್ಲದಕ್ಕೂ ತಲೆಯಾಡಿಸಿದರು. ಯಾವುದೂ ಒಳಕ್ಕೆ ಇಳಿಯಲಿಲ್ಲ. ಅವರ ಕಿವಿಯಲ್ಲಿ ಒಂದೇ ಪದ ಮೊಳಗುತ್ತಿತ್ತು.

ಕೊಬ್ಬು. ನಮ್ಮ ಭಾಷೆ ಈ ಒಂದು ಪದದಲ್ಲಿ ಎರಡು ಕಾಯಿಲೆಗಳನ್ನು ಇಟ್ಟಿದೆ. ಮೈಯಲ್ಲಿ ಸೇರಿಕೊಂಡರೆ ಜಿಡ್ಡು, ತಲೆಗೆ ಏರಿದರೆ ಸೊಕ್ಕು. "ಕೊಬ್ಬು ಇಳೀಬೇಕು ಕಣ್ರೀ, ಎರಡೂ ಥರದ್ದು," ಎಂದು ದಡದಲ್ಲಿ ನಿಂತು ಊರಿನ ದೊಡ್ಡ ದೊಡ್ಡ ಹೊಟ್ಟೆಗಳನ್ನು ಹಂಗಿಸುತ್ತಲೇ ಆಯುಷ್ಯ ಕಳೆದವರು ಅವರು. ಆ ಬಾಯಲ್ಲಿ, ನನಗೂ ಇದೆ ಎಂದು ಹೇಳುವುದು ಹೇಗೆ? ಮಾತ್ರೆ ನುಂಗುವುದಕ್ಕೆ ಅವರು ನಿರಾಕರಿಸಲಿಲ್ಲ. ತಂದೆಯ ಸಾವನ್ನು ಕಣ್ಣಾರೆ ಕಂಡಿದ್ದರು. ನುಂಗಿದ್ದನ್ನು ಯಾರಿಗೂ ತಿಳಿಸಬಾರದು ಎಂದಷ್ಟೇ ನಿರ್ಧರಿಸಿದರು. ಹೆಂಡತಿಗೂ. ಊರಿನ ಇನ್ನೊಂದು ತುದಿಯ ಔಷಧಿ ಅಂಗಡಿಗೆ ಹೋಗಿ ಮಾತ್ರೆ ತರುವರು. ಸಂಜೆ ಕೊಳದ ಬಾಗಿಲು ಹಾಕುವ ಮೊದಲು ಪಂಪಿನ ಕೋಣೆಗೆ ಹೋಗಿ, ಯಂತ್ರದ ಗುರುಗುಟ್ಟುವಿಕೆಯ ನಡುವೆ, ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ನುಂಗುವರು. ಕದ್ದು ಸಿಗರೇಟು ಸೇದುವವರಿದ್ದಾರೆ. ಕದ್ದು ಮಾತ್ರೆ ನುಂಗಿದವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ತೊಡೆಗಳಲ್ಲಿ ಸಣ್ಣಗೆ ಒಂದು ಜಗ್ಗು. ಮೈ ಹಾಜರಿ ಹಾಕುತ್ತಿದೆ ಎಂದುಕೊಂಡು ಅವರು ಇನ್ನೂ ಎರಡು ಸುತ್ತು ಹೆಚ್ಚು ಈಜಿದರು. ಆದರೆ ಮನೆಯಲ್ಲಿ ಎರಡು ಚುರುಕು ಕಣ್ಣುಗಳಿದ್ದವಲ್ಲ. ಮಹಡಿಯ ಮೆಟ್ಟಿಲು ಹತ್ತುವಾಗ ಗಂಡನ ಕೈ ಗೋಡೆಯನ್ನು ಸವರುತ್ತಿರುವುದನ್ನು ಅವು ಕಂಡವು. ಕೇಳಿದರೆ "ವಯಸ್ಸು, ಅಷ್ಟೇ ತಾನೆ" ಎಂಬ ಉತ್ತರ. ಆಕೆ ಮಾತು ಬೆಳೆಸುವವರಲ್ಲ. ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೃದಯಕ್ಕೂ ರಕ್ತಕ್ಕೂ ಗ್ರೇಪ್‌ಫ್ರೂಟ್ ಬಹಳ ಒಳ್ಳೆಯದೆಂದು ಹೇಳಿದ್ದರು. ಹೆಸರಿನಲ್ಲಿ ದ್ರಾಕ್ಷಿ ಇದ್ದರೂ ಅದು ಚಕ್ಕೋತದ ದಾಯಾದಿ. ಒಳಗೆ ಕೆಂಪು ತೊಳೆ, ಸಿಹಿಯ ಬೆನ್ನಿಗೇ ಕಹಿ. ಆಕೆ ಮಾರುಕಟ್ಟೆಯಿಂದ ಚೀಲ ತುಂಬ ತಂದು, ದಿನಾ ಬೆಳಿಗ್ಗೆ ತಾವೇ ಕೈಯಾರೆ ಹಿಂಡಿ, ಬೀಜ ಸೋಸಿ, ದೊಡ್ಡ ಗಾಜಿನ ಲೋಟ ತುಂಬಿಸಿ ಮೇಷ್ಟ್ರ ಮುಂದೆ ಇಡತೊಡಗಿದರು.

ಮಿತಭಾಷಿಗಳ ಪ್ರೀತಿ ಹೀಗೆ ಲೋಟದಲ್ಲೋ ಬಟ್ಟಲಲ್ಲೋ ಬರುತ್ತದೆ. ಮೇಷ್ಟ್ರು ಅದನ್ನು ಬಲ್ಲವರು. ಕಹಿಗೆ ಒಮ್ಮೆಯೂ ಮುಖ ಕಿವುಚದೆ ಕೊನೆಯ ಹನಿಯ ತನಕ ಕುಡಿದು, ಲೋಟವನ್ನು ಬೋರಲು ಮಾಡಿ ತೋರಿಸುತ್ತಿದ್ದರು. ಕಾಲಿನ ನೋವು ಹೆಚ್ಚಿತು. ನಡಿಗೆ ಇನ್ನಷ್ಟು ನಿಧಾನವಾಯಿತು. ಆಕೆ ಇದನ್ನೂ ಕಂಡರು. ಒಂದು ಲೋಟ ಇದ್ದದ್ದು ಎರಡಾಯಿತು.

ಅಷ್ಟರಲ್ಲಿ ಚಳಿಗಾಲ ಬಂತು, ಜೊತೆಗೆ ಎದೆಯಲ್ಲಿ ಕಫ, ಬಿಡದ ಕೆಮ್ಮು. ಆಕೆ ಬಲವಂತದಿಂದ ಬೀದಿಯ ತಿರುವಿನಲ್ಲಿದ್ದ ವೈದ್ಯರ ಬಳಿಗೆ ಕರೆದೊಯ್ದರು. ಎದೆಗೆ ಕೊಳವೆ ಇಟ್ಟು ನೋಡಿದ ಆ ವೈದ್ಯರು, ಸೋಂಕು ಇಳಿಸುವ ಮಾತ್ರೆ ಬರೆಯುವ ಮುನ್ನ ಕೇಳಬೇಕಾದ್ದನ್ನು ಕೇಳಿದರು: "ಬೇರೆ ಯಾವುದಾದ್ರೂ ಮಾತ್ರೆ ತಗೊಳ್ತಿದ್ದೀರಾ?" ಪಕ್ಕದ ಕುರ್ಚಿಯಲ್ಲಿ ಹೆಂಡತಿ. ಮೇಷ್ಟ್ರು ಒಂದೇ ಪದ ಆಡಿದರು. "ಇಲ್ಲ."

ಜೀವಮಾನದಲ್ಲಿ ಅವರು ಆಡಿದ ಅತಿ ಚಿಕ್ಕ ಸುಳ್ಳು ಅದೇ ಇರಬೇಕು.

ಅದಾದ ವಾರದೊಳಗೆ ನಡೆದದ್ದನ್ನು ನಾನೇ ಕಂಡೆ. ಬೆಳಗಿನ ತರಗತಿ. ದಡದಲ್ಲಿ ಮೇಷ್ಟ್ರು, ಎಂದಿನ ಕೋಟು. ಆದರೆ ಅವತ್ತು ಓಡಾಡದೆ ಒಂದೇ ಕಡೆ ನಿಂತಿದ್ದರು. ಬೇಕರಿಯವರು ಅಂದು ಮೊದಲ ಸಲ ಆಳದ ಕಡೆಗೆ ಹೊರಟಿದ್ದರು. ಅರ್ಧ ದಾರಿಯಲ್ಲಿ ಏನಾಯಿತೋ, ಬಾಯಿಗೆ ನೀರು ಹೋಯಿತು, ಎದೆಗುಂದಿ ಕೈಕಾಲು ಬಡಿಯತೊಡಗಿದರು. ಮೇಷ್ಟ್ರು ಹೆಗಲು ಕೊಡವಿದರು. ಕೋಟು ಕೆಳಗೆ ಬಿತ್ತು. ಅವರು ಧುಮುಕಿ, ಈಜಿ ಹೋಗಿ, ಬೇಕರಿಯವರ ಕಂಕುಳಿಗೆ ಕೈ ಕೊಟ್ಟರು. ಇಲ್ಲಿಯವರೆಗೆ ಎಲ್ಲವೂ ನಾವು ಹಲವು ಸಲ ಕಂಡದ್ದೇ. ಆದರೆ ಇಬ್ಬರೂ ದಡದತ್ತ ಸರಿಯಲಿಲ್ಲ. ಮೇಷ್ಟ್ರ ತಲೆ ಒಮ್ಮೆ ನೀರಿನಡಿ ಹೋಗಿ ಬಂತು. ಮತ್ತೆ ಹೋಯಿತು. ಆಟವಾಡಿಸುತ್ತಿದ್ದಾರೆ ಎಂದು ಯಾರೋ ನಕ್ಕರು. ಅವರು ಮೇಲೆ ಬಂದಾಗ ನಾನು ಆ ಮುಖ ನೋಡಿದೆ. ಅದರಲ್ಲಿ ಭಯಕ್ಕಿಂತ ಹೆಚ್ಚಾಗಿ ವಿಸ್ಮಯವಿತ್ತು: ನಂಬಿದ ಆಳು ಹೇಳದೆ ಕೇಳದೆ ಕೆಲಸ ಬಿಟ್ಟು ಹೋದಾಗ ಯಜಮಾನನ ಮುಖದಲ್ಲಿ ಇರುವಂಥದು. ಅವರ ಕಾಲುಗಳು ಒದೆಯುತ್ತಿರಲಿಲ್ಲ.

ಮೇಷ್ಟ್ರ ಸಹಾಯಕಿ, ಹಿಂದೆ ಅವರ ಕೈಯಲ್ಲೇ ಪಳಗಿ ಈಗ ಹೆಂಗಸರಿಗೆ ಕಲಿಸುತ್ತಿದ್ದಾಕೆ, ಅಷ್ಟರಲ್ಲಿ ತೇಲುಬಳೆ ಎಸೆದು ತಾನೂ ಹಾರಿದ್ದಳು. ಬಳೆಯ ಹಗ್ಗವನ್ನು ದಡದಿಂದ ನಾವು ನಾಲ್ಕು ಮಂದಿ ಎಳೆದೆವು. ಮೊದಲು ಬೇಕರಿಯವರು ಬಂದರು, ಕೆಮ್ಮುತ್ತ, ಅಳುತ್ತ. ಹಿಂದಿನಿಂದ ಮೇಷ್ಟ್ರು. ಏಣಿಯ ಮೊದಲ ಮೆಟ್ಟಿಲ ಮೇಲೆ ಪಾದ ಇಡಲು ಅವರು ತಮ್ಮ ಮೊಣಕಾಲನ್ನು ತಾವೇ ಎರಡು ಕೈಯಿಂದ ಎತ್ತಬೇಕಾಯಿತು.

"ಸೆಳೆತ," ಎಂದರು. ಅಷ್ಟೇ ತಾನೆ ಎನ್ನಲು ಉಸಿರು ಸಾಲಲಿಲ್ಲ.

ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಂಗಡಿಯಿಂದ ಅಕ್ಕನೂ ಬಂದು ಸೇರಿಕೊಂಡರು. ಬೇಡವೆಂದರೂ ಕೇಳದೆ ಬೇಕರಿಯವರೂ ಬಂದು, ತಲೆಯಿಂದ ಇನ್ನೂ ನೀರು ಇಳಿಯುತ್ತಿರುವಂತೆಯೇ, ಕೋಣೆಯ ಬಾಗಿಲಿಗೆ ಒರಗಿ ನಿಂತರು. ಪರೀಕ್ಷಿಸಿದಾಕೆ ಸಣ್ಣ ವಯಸ್ಸಿನ ವೈದ್ಯೆ. ಮೆಲುದನಿ, ಆತುರವಿಲ್ಲದ ಕೈ. ತೊಡೆ ಒತ್ತಿ ನೋಡಿ, ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿದರು.

ಉತ್ತರ ಕೊಟ್ಟವರು ಅಕ್ಕ. ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. "ಇವರು ಮಾತ್ರೆ ಮುಟ್ಟೋರಲ್ಲ. ಈಗ ಕೆಮ್ಮಿಗೆ ಕೊಟ್ಟಿರೋದು ಒಂದೇ, ಅದೂ ನನ್ನ ಬಲವಂತಕ್ಕೆ."

ವೈದ್ಯೆ ಕೆಮ್ಮಿನ ಮಾತ್ರೆಯ ಹೆಸರು ಕೇಳಿಕೊಂಡರು. "ಮೂತ್ರದ ಬಣ್ಣ ಹೇಗಿದೆ ಸಾರ್?"

"ಕಪ್ಪಗೆ. ಹಾಲು ಹಾಕದ ಚಹಾ ಥರ. ಎರಡು ದಿನ ಆಯ್ತು."

ಆಕೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಸಾರ್, ಸರಿಯಾಗಿ ಯೋಚನೆ ಮಾಡಿ ಹೇಳಿ. ಬೇರೆ ಯಾವ ಮಾತ್ರೆನೂ ಇಲ್ವಾ? ನಿಮ್ಮ ಮೂತ್ರಪಿಂಡ ಉಳಿಸೋದಕ್ಕೆ ನನಗೆ ಅದು ಗೊತ್ತಾಗಬೇಕು."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. "ನೀನು ಒಂದು ನಿಮಿಷ ಹೊರಗೆ..." ಎಂದು ಶುರುಮಾಡಿದರು. ಆಗ ಬಾಗಿಲಲ್ಲಿ ನಿಂತಿದ್ದ ಬೇಕರಿಯವರ ಮೇಲೆ ಕಣ್ಣು ಬಿತ್ತು. ಆ ದೊಡ್ಡ ಮೈ ಇನ್ನೂ ನಡುಗುತ್ತಿತ್ತು. ಮೇಷ್ಟ್ರು ಬಹಳ ಹೊತ್ತು ಅವರನ್ನೇ ನೋಡಿದರು.

"ಬೇಡ, ಇಲ್ಲೇ ಇರು. ಎಲ್ಲರೂ ಕೇಳಿಸಿಕೊಳ್ಳಲಿ," ಎಂದರು. ಹೇಳಿದರು. ಮಾತ್ರೆಯ ಹೆಸರು, ಯಾವಾಗಿನಿಂದ, ಎಷ್ಟು, ಪಂಪಿನ ಕೋಣೆ, ಊರಾಚೆಯ ಅಂಗಡಿ, ಎಲ್ಲ. ದಡದ ಮೇಲಿನಿಂದ ಕೊಳದ ಆ ತುದಿಗೆ ಕೇಳುವಂತೆ ಮಾತನಾಡುತ್ತಿದ್ದ ಗಂಟಲು ಅದು. ಆ ದಿನ ನಾವು ಹತ್ತಿರ ಸರಿದು ಕೇಳಬೇಕಾಯಿತು.

ವೈದ್ಯೆ ಬೈಯಲಿಲ್ಲ. "ಹಣ್ಣಿನ ರಸ ಏನಾದ್ರೂ?" ಎಂದಷ್ಟೇ ಕೇಳಿದರು. ಈ ಸಲ ಅಕ್ಕ ಉತ್ತರಿಸಲು ಬಾಯಿ ತೆರೆದು, ಉತ್ತರವನ್ನು ಅರ್ಧಕ್ಕೇ ನಿಲ್ಲಿಸಿದರು. ಕೇಳಿದ ಪ್ರಶ್ನೆಯ ಅರ್ಥ ಅವರಿಗೆ ಆಗಲೇ ಹೊಳೆದಿತ್ತು.

ಆಮೇಲೆ ವೈದ್ಯೆ ವಿವರಿಸಿದರು. ಅವರು ನುಂಗುತ್ತಿದ್ದಂಥ ಮಾತ್ರೆಯನ್ನು ಅರಗಿಸಿ ಹೊರಹಾಕುವ ಒಂದು ಕಿಣ್ವ ಕರುಳಲ್ಲೂ ಯಕೃತ್ತಿನಲ್ಲೂ ಇರುತ್ತದೆ. ಈ ಹಣ್ಣಿನ ರಸ ಕರುಳಿನಲ್ಲಿ ಅದರ ಕೈ ಕಟ್ಟಿಹಾಕುತ್ತದೆ. ಈ ಬಗೆಯ ಕೆಮ್ಮಿನ ಮಾತ್ರೆಯಂತೂ ಯಕೃತ್ತಿನಲ್ಲೂ ಕಟ್ಟಿಹಾಕುತ್ತದೆ. ದಿನಾ ನುಂಗಿದ್ದು ಒಂದೇ ಮಾತ್ರೆಯಾದರೂ, ಹೊರಹೋಗದೆ ರಕ್ತದಲ್ಲಿ ಶೇಖರವಾಗಿ, ಹಲವು ಮಾತ್ರೆ ನುಂಗಿದ ಹಾಗಾಗಿ, ಸ್ನಾಯುಗಳೇ ಒಡೆಯತೊಡಗುತ್ತವೆ; ಒಡೆದ ಸ್ನಾಯುವಿನ ಕಸವೆಲ್ಲ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಎಲ್ಲ ಮಾತ್ರೆಗೂ ಈ ಜಗಳವಿಲ್ಲ. ಆದರೆ ಇವು ಮೂರೂ ಒಂದೇ ಮೈಯಲ್ಲಿ ಸೇರಿದರೆ ಅಪಾಯ.

ಮೇಷ್ಟ್ರು ಮಲಗಿದಲ್ಲಿಂದಲೇ ಕೇಳಿದರು. "ಅಂದ್ರೆ ಕೊಳಕ್ಕೆ ನೀರು ಬರ್ತಾನೇ ಇದೆ, ಹೊರಗೆ ಹೋಗೋ ತೂಬಿಗೆ ಬಟ್ಟೆ ತುರುಕಿದೆ."

"ನಾನು ಹೇಳಿದ್ದಕ್ಕಿಂತ ಇದೇ ಚೆನ್ನಾಗಿದೆ," ಎಂದರು ವೈದ್ಯೆ. ಎರಡೂ ಮಾತ್ರೆ ಅಲ್ಲಿಗೇ ನಿಂತವು. ತೋಳಿಗೆ ಸೂಜಿ ಚುಚ್ಚಿ ಸೀಸೆಯ ಮೇಲೆ ಸೀಸೆ ಲವಣದ ನೀರು ಹರಿಸಿದರು. ರಕ್ತಪರೀಕ್ಷೆಯ ಅಂಕಿ ಕಂಡು ಹಿರಿಯ ವೈದ್ಯರೂ ಹುಬ್ಬು ಗಂಟಿಕ್ಕಿದರು. ಮೂತ್ರಪಿಂಡ ಕೈಕೊಟ್ಟರೆ ರಕ್ತ ಸೋಸುವ ಯಂತ್ರಕ್ಕೆ ಹಾಕಬೇಕಾದೀತು ಎಂಬ ಮಾತು ಬಂತು, ಎರಡು ಮೂರು ದಿನ ನೆತ್ತಿಯ ಮೇಲೆ ತೂಗಾಡಿತು, ಕೊನೆಗೆ ತೊಲಗಿತು. ಮೂತ್ರದ ಬಣ್ಣ ತಿಳಿಯಾಗುತ್ತ ಬಂದದ್ದನ್ನು ಬೇಕರಿಯವರು ಊರಿಗೆಲ್ಲ ಶುಭಸಮಾಚಾರವೆಂಬಂತೆ ಸಾರಿದರು.

ತಿಳಿಯಾಗದೆ ಉಳಿದದ್ದು ಅಕ್ಕನ ಮುಖ. ದಿನಾ ಬರುವರು, ಹಾಸಿಗೆಯ ಪಕ್ಕ ಕೂರುವರು, ಹೊದಿಕೆ ಸರಿಮಾಡುವರು, ಮೇಷ್ಟ್ರ ಓದುವ ಕನ್ನಡಕವನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸುವರು, ಮಾತಿಲ್ಲ. ಮೇಷ್ಟ್ರು ತಮಗೆ ತಿಳಿದ ತಮಾಷೆಗಳನ್ನೆಲ್ಲ ಖರ್ಚು ಮಾಡಿದರು. ಒಂದು ಮಧ್ಯಾಹ್ನ ನಾನು ಹೋದಾಗ ಆ ಮೌನ ಒಡೆಯಿತು. ಆಕೆ ತಮ್ಮ ಎರಡೂ ಅಂಗೈ ಬಿಡಿಸಿ ನೋಡಿಕೊಳ್ಳುತ್ತಿದ್ದರು.

"ನನ್ನ ಕೈಯಿಂದಲೇ ಹಿಂಡಿಸಿದ್ರಲ್ಲ," ಎಂದರು. "ನೀವು ನೋವು ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಹೇಳ್ಲಿಲ್ಲ. ನಾನು ಇನ್ನೊಂದು ಲೋಟ ತುಂಬಿಸಿದೆ."

ಮೇಷ್ಟ್ರು ಏನೋ ಹೇಳಹೊರಟರು. ಆಕೆ ಬಿಡಲಿಲ್ಲ.

"ರಕ್ತದ ಕೊಬ್ಬಿಗೆ ಮಾತ್ರೆ ನುಂಗಿದ್ರಿ. ತಲೆಯಲ್ಲಿರೋದಕ್ಕೆ ಯಾವ ಮಾತ್ರೆ?"

ಆ ದೊಡ್ಡ ಹೆಗಲಿನ ಮನುಷ್ಯ ದಿಂಬಿಗೆ ಒರಗಿ, ಹೆಂಡತಿಯ ಅಂಗೈಯನ್ನು ತಮ್ಮ ಎರಡು ಕೈಗಳ ನಡುವೆ ತೆಗೆದುಕೊಂಡು ಕೆನ್ನೆಗೆ ಒತ್ತಿ, "ಅದಕ್ಕೆ ನೀನೇ," ಎಂದರು. "ದಿನಾ ಕೊಡು. ಮರೀಬೇಡ." ಆಕೆ ಕೈ ಬಿಡಿಸಿಕೊಳ್ಳಲಿಲ್ಲ. ನಗಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕ್ಷೌರ ಮಾಡಿಸಿಕೊಳ್ಳಬೇಕು ನೀವು, ಗಡ್ಡ ಚುಚ್ಚುತ್ತೆ ಎಂದರು. ಮೌನ ಮುಗಿಯಿತೆಂದು ನಮ್ಮಿಬ್ಬರಿಗೂ ಗೊತ್ತಾಯಿತು.

ಕಾಲು ಮರಳಿ ಬರುವುದು ತಡವಾಯಿತು. ಆಸ್ಪತ್ರೆಯ ಉದ್ದನೆಯ ಕೋಣೆಯೊಂದರಲ್ಲಿ ಎರಡು ಕಂಬಿಗಳ ನಡುವೆ ಅವರು ನಡೆಯಲು ಕಲಿಯಬೇಕಾಯಿತು, ಕಂಬಿ ಹಿಡಿದುಕೊಂಡೇ. ನನ್ನ ಮುಖದಲ್ಲಿ ಏನೋ ಕಂಡಿರಬೇಕು, "ನಗ್ರೀ ಕಲ್ಲು, ನಿಮ್ಮ ಸರದಿ," ಎಂದರು. ಅಲ್ಲಿ ಅಂಗಸಾಧನೆ ಮಾಡಿಸುತ್ತಿದ್ದವನು ಒರಟು ಆಸಾಮಿ, ಇವರ ಹೆಸರು ಕೀರ್ತಿ ಏನೂ ತಿಳಿಯದವನು. ನೋವು ಬಂದ ಕೂಡಲೇ ಹೇಳಬೇಕು, ಎಲ್ಲಿ, ಯಾವ ಥರದ್ದು ಎಂದೂ ಹೇಳಬೇಕು ಎಂಬುದು ಅವನ ಕಟ್ಟಪ್ಪಣೆ. ಮೇಷ್ಟ್ರಿಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು. ನೋವಿಗೆ ಅವರಲ್ಲಿ ಪದಗಳೇ ಇರಲಿಲ್ಲ. ಇಷ್ಟು ವರ್ಷ ಎಲ್ಲಕ್ಕೂ ಒಂದೇ ಹಾಜರಿ ಹಾಕಿಸಿಕೊಂಡು ಬಂದವರು, ಈಗ ಮಗುವಿನಂತೆ ಒಂದೊಂದನ್ನೇ ಬೇರೆ ಮಾಡಿ ಹೆಸರಿಡತೊಡಗಿದರು. ಇದು ಜಗ್ಗುತ್ತೆ. ಇದು ಉರಿಯುತ್ತೆ. ಇದು ಹಿಂಡುತ್ತೆ. ಇದು ಸುಮ್ಮನೆ ದಣಿವು, ಇದಕ್ಕೆ ಹೆದರಬೇಕಾಗಿಲ್ಲ. ನಮ್ಮ ನುಡಿಯಲ್ಲಿ ನೋವಿಗೆ ಎಷ್ಟೊಂದು ಕ್ರಿಯಾಪದಗಳಿವೆ ಎಂಬುದನ್ನು ಬರೆಯುವವನಾದ ನಾನು ಗಮನಿಸಿದ್ದು ಆ ಕೋಣೆಯಲ್ಲಿ.

ಮಾರ್ಚ್ ಕಳೆದು ಬಿಸಿಲು ಬಂದ ಮೇಲೆ ಅವರು ಕೊಳಕ್ಕೆ ಮರಳಿದರು. ಬೆಳಗಿನ ತರಗತಿಯ ನಾವೆಲ್ಲ ಬಟ್ಟೆ ಬದಲಿಸಿ ಬಂದರೆ, ದಡದಲ್ಲಿ ಒಂದು ಮರದ ಕುರ್ಚಿ. ಅದರ ಮೇಲೆ ಮೇಷ್ಟ್ರು. ನೀರಿಗಿಳಿಯುವ ಮೊದಲು ಎಲ್ಲರನ್ನೂ ಮುಂದೆ ಕೂರಿಸಿಕೊಂಡರು.

"ನನಗೆ ಕೊಬ್ಬಿದೆ," ಎಂದರು, ಹಳೆಯ ಗಂಟಲಿನಲ್ಲೇ, ಆ ತುದಿಗೂ ಕೇಳುವಂತೆ. "ರಕ್ತದಲ್ಲಿ. ಅದಕ್ಕೆ ಮಾತ್ರೆ ತಗೊಳ್ತೀನಿ. ಈಗ ಬೇರೆ ಥರದ್ದು ಕೊಟ್ಟಿದ್ದಾರೆ, ಸಣ್ಣದು, ಹಣ್ಣಿನ ಜೊತೆ ಜಗಳ ಆಡದೇ ಇರೋದು. ಬಿಡೋ ಹಾಗಿಲ್ಲ. ಮುಚ್ಚಿಟ್ಟಿದ್ದಕ್ಕೆ ದೋಣಿಯವರ ಪ್ರಾಣ ಹೋಗ್ತಿತ್ತು. ನನ್ನದೂ ಹೋಗ್ತಿತ್ತು, ಅದು ಬೇರೆ ಮಾತು. ಇನ್ನು ಮೇಲೆ ನನ್ನ ನೀರಿಗೆ ಇಳಿಯೋರು ಯಾವ ಮಾತ್ರೆ, ಎಲ್ಲಿ ನೋವು ಅಂತ ನನಗೆ ಹೇಳಿ ಇಳೀಬೇಕು. ಇಲ್ಲಿ ನಾಚಿಕೆ ಇಲ್ಲ. ಚಡ್ಡಿ ಹಾಕ್ಕೊಂಡು ನಿಂತೋರಿಗೆ ಎಂಥ ನಾಚಿಕೆ?"

ಮೊದಲು ನಿವೃತ್ತ ನ್ಯಾಯಾಧೀಶರೊಬ್ಬರು ಗಂಟಲು ಸರಿಪಡಿಸಿಕೊಂಡು, ತಮಗೆ ರಕ್ತದೊತ್ತಡವೆಂದರು. ಒಬ್ಬಾಕೆಗೆ ಥೈರಾಯ್ಡು. ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ. ನನಗೂ ಅದೇ; ಮನೆಯವರ ಹೊರತು ನಾನು ಯಾರಿಗೂ ಹೇಳಿರಲಿಲ್ಲ. ವರ್ಷಗಟ್ಟಲೆ ಅರೆಬೆತ್ತಲೆಯಾಗಿ ಒಂದೇ ನೀರಿನಲ್ಲಿ ಮಿಂದವರು ನಾವು, ಒಬ್ಬರನ್ನೊಬ್ಬರು ನಿಜವಾಗಿ ಕಂಡದ್ದು ಅಂದೇ. ಕೊನೆಯಲ್ಲಿ ಬೇಕರಿಯವರು ಮೆಲ್ಲಗೆ ಕೈಯೆತ್ತಿದರು.

"ನಾನೂ ಅದೇ ಸಾರ್. ಕೊಲೆಸ್ಟರಾಲ್ ಮಾತ್ರೆ. ಜೊತೆಗೆ ಒಂದು ಪುಡಿ."

"ಎಂಥ ಪುಡಿ?"

"ಔಷಧಿ ಅಲ್ಲ ಸಾರ್, ನೈಸರ್ಗಿಕ. ಕೆಂಪಕ್ಕಿಗೆ ಏನೋ ಬೂಷ್ಟು ಹಿಡಿಸಿ ಮಾಡ್ತಾರಂತೆ. ಕೊಬ್ಬು ಕರಗುತ್ತೆ ಅಂತ ನನ್ನ ಷಡ್ಡಕ ತಂದುಕೊಟ್ಟ."

"ಡಾಕ್ಟರಿಗೆ ತೋರಿಸಿದ್ರಾ?"

"ಅಕ್ಕಿ ಪುಡಿನ ಏನು ತೋರಿಸೋದು ಅಂತ..."

ಮೇಷ್ಟ್ರು ಕುರ್ಚಿಯ ಕೈ ಹಿಡಿದು ಎದ್ದರು. "ಹಣ್ಣಿನ ರಸ ಏನು ಮಾಡುತ್ತೆ ಅಂತ ನಾನೂ ಹಾಗೇ ಅಂದ್ಕೊಂಡಿದ್ದೆ. ನಡೀರಿ." ಬೇಕರಿಯವರಿಗೆ ಬಟ್ಟೆ ಬದಲಿಸಲೂ ಬಿಡದೆ, ಮೇಲೊಂದು ಟವಲು ಹೊದಿಸಿ, ಅವರ ಹೆಗಲ ಮೇಲೆ ತಮ್ಮ ಭಾರ ಹಾಕಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟರು. ಆ ಪುಡಿಯಲ್ಲಿರುವುದು ಬಹುಮಟ್ಟಿಗೆ ಮಾತ್ರೆಯಲ್ಲಿರುವ ವಸ್ತುವೇ, ಎರಡೂ ಸೇರಿದರೆ ಅಳತೆ ಮೀರುತ್ತದೆ ಎಂದು ಆ ಮೆಲುದನಿಯ ವೈದ್ಯೆ ಪುಡಿಯನ್ನು ನಿಲ್ಲಿಸಿದರು. ಬೇಕರಿಯವರಿಗೆ ಮೂರು ವಾರದಿಂದ ಭುಜ ನೋಯುತ್ತಿತ್ತಂತೆ. ಹಿಟ್ಟು ನಾದಿ ನಾದಿ ಹೀಗಾಗಿದೆ ಎಂದುಕೊಂಡಿದ್ದರಂತೆ.

ಈಗ ಮೇಷ್ಟ್ರು ಈಜುತ್ತಾರೆ, ನಿಧಾನವಾಗಿ. ಆಳದ ಕಡೆಯ ಹೊಣೆಯನ್ನು ಸಹಾಯಕಿಗೆ ಬಿಟ್ಟುಕೊಟ್ಟಿದ್ದಾರೆ. ಬಿಟ್ಟುಕೊಟ್ಟೆ ಎಂದು ಎಲ್ಲರೆದುರೇ ಹೇಳುತ್ತಾರೆ. ಯಾರಾದರೂ ತೊಡೆ ನೋವು ಎಂದರೆ ಅವರ ಮುಖ ಮೊದಲಿನಂತೆ ಅರಳುವುದಿಲ್ಲ; ಹತ್ತಿರ ಕರೆದು, ಯಾವ ಥರದ್ದು ಎಂದು ಕೇಳುತ್ತಾರೆ, ಉತ್ತರ ಮುಗಿಯುವ ತನಕ ಕಾಯುತ್ತಾರೆ. ಕಲಿಸುವುದರಲ್ಲಿ ಅವರು ಮೊದಲಿಗಿಂತ ಕಡಿಮೆಯಾಗಿದ್ದಾರೆಂದು ಹೇಳುವ ಒಬ್ಬರನ್ನೂ ನಾನು ಕಂಡಿಲ್ಲ.

ಬಲಶಾಲಿಗಳನ್ನು ಔದಾರ್ಯವಂತರೆಂದು ಲೋಕ ತಿಳಿಯುತ್ತದೆ, ತಪ್ಪೇನಲ್ಲ. ತಮ್ಮ ಧೈರ್ಯವನ್ನೂ ತೋಳನ್ನೂ ಉಸಿರನ್ನೂ ಅವರು ಕೇಳಿದವರಿಗೆಲ್ಲ ಎತ್ತಿ ಕೊಡುತ್ತಾರೆ. ಆದರೆ ಒಂದು ವಿಷಯದಲ್ಲಿ ಅವರಷ್ಟು ಜಿಪುಣರಿಲ್ಲ. ತಮ್ಮ ದೌರ್ಬಲ್ಯವನ್ನು ಮಾತ್ರ ಯಾರಿಗೂ ಒಂದು ಚೂರೂ ಕೊಡದೆ, ಇಡಿಯಾಗಿ ತಮಗೇ ಇಟ್ಟುಕೊಳ್ಳುತ್ತಾರೆ. ಅದನ್ನು ಹಂಚಿಕೊಳ್ಳಲೆಂದೇ ಪಕ್ಕದಲ್ಲಿ ಕಾದು ಕೂತವರನ್ನು, ಗೊತ್ತಿಲ್ಲದೆಯೇ, ಹಸಿದವರನ್ನಾಗಿ ಮಾಡುತ್ತಾರೆ. ಅಂಥವರ ಮನೆಗಳಲ್ಲಿ ಪ್ರೀತಿ ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ; ಒಮ್ಮೊಮ್ಮೆ ಅದು ತಪ್ಪು ಲೋಟವನ್ನು ತುಂಬುತ್ತದೆ. ಇಂಥ ಜಿಪುಣರಲ್ಲಿ ಹೆಚ್ಚಿನವರು ಗಂಟನ್ನು ಬಿಚ್ಚದೆಯೇ ಹೋಗಿಬಿಡುತ್ತಾರೆ. ಬಿಚ್ಚಿದ ಕೆಲವರಿದ್ದಾರೆ. ಅವರ ಬಲ ಆಮೇಲೆ ಕುಂದುವುದಿಲ್ಲ. ಅದಕ್ಕೆ ಕಿವಿ ಬರುತ್ತದೆ.